ಪೆನ್ಸಿಲ್ ಸಾಹೇಬರು

ನಮ್ಮ ಬೀದಿಗೆ ಬರಲಿರುವ ಪಾರ್ಕಿನ ನಕ್ಷೆ ಬರೆಯುವ ಅಧಿಕಾರಿಗೆ ನಾವಿಟ್ಟ ಹೆಸರು ಪೆನ್ಸಿಲ್ ಸಾಹೇಬರು. ಪ್ರತಿ ಭಾನುವಾರ ಶಾಲೆಯ ಕೋಣೆಯಲ್ಲಿ ನಕ್ಷೆ ಹಾಸಿ, ಕಿವಿಯ ಮೇಲೇ ಇರುವ ಪೆನ್ಸಿಲನ್ನು ಕೋಣೆಯೆಲ್ಲ ಹುಡುಕುತ್ತಾರೆ. ಯಾರು ಏನು ಕೇಳಿದರೂ ‘ಆಯ್ತು, ಹಾಕೋಣ’ ಎಂದು ಬರೆಯುತ್ತಾರೆ. ಇನ್ನೊಬ್ಬರು ಬೈದರೆ ಅಳಿಸುತ್ತಾರೆ. ಜೋಕಾಲಿ ಒಂಬತ್ತು ಸಲ ಜಾಗ ಬದಲಿಸಿತು. ‘ಸಾಹೇಬ್ರೇ, ಪಾರ್ಕ್ ಆಗೋಕ್ಮುಂಚೆ ಕಾಗ್ದ ತೂತಾಗುತ್ತೆ’ ಎಂದು ದರ್ಜಿ ನಗುತ್ತಾನೆ. ಅವರೂ ನಗುತ್ತಾರೆ. ನನ್ನ ಗಂಡ ಕೇಳಿದ್ದು ಒಂದೇ, ಗೇಟಿನ ಹತ್ತಿರ ಹಿಡಿಕೆಯಿರುವ ಬೆಂಚು. ಹಿಡಿದುಕೊಳ್ಳದೆ ಅವರಿಗೆ ಏಳಲು ಆಗುತ್ತಿರಲಿಲ್ಲ. ಅವರು ತೀರಿಕೊಂಡು ತಿಂಗಳಾಯಿತು. ಈ ಭಾನುವಾರ ನಾನೇ ಹೋಗಿ, ‘ಆ ಬೆಂಚು ಅಳ್ಸಿಬಿಡಿ, ಕೂರೋರು ಇಲ್ಲ’ ಎಂದೆ. ಸಾಹೇಬರು ರಬ್ಬರ್ ಮುಟ್ಟಲಿಲ್ಲ. ‘ಅದನ್ನ ಅಳ್ಸೋಕಾಗಲ್ಲಮ್ಮ’ ಎಂದು ನಕ್ಷೆಯನ್ನು ನನ್ನ ಕಡೆ ತಿರುಗಿಸಿದರು. ಅದೊಂದನ್ನು ಪೆನ್ನಿನಲ್ಲಿ ಬರೆದಿದ್ದರು.