ಕಾಯಿ ನೀರು ಕುಡಿದ ಇಂಜಿನ್

ನಮ್ಮ ಮನೆಯವರು ತೀರಿಕೊಂಡು ಆರು ವರ್ಷವಾದರೂ ನಾನು ಅತ್ತಿರಲಿಲ್ಲ. ಊರಿನ ಹೆಂಗಸರು ಮೊದಲ ವರ್ಷ ನನ್ನನ್ನು ಗಟ್ಟಿಗಿತ್ತಿ ಎಂದರು, ಎರಡನೆಯ ವರ್ಷ ಕಲ್ಲು ಎಂದರು. ನನಗೆ ಎರಡೂ ತಾಗಲಿಲ್ಲ. ಹತ್ತಿ ಬಿಡಿಸಲು ಆಳು ಬಂದರೆ ಹೊಲಕ್ಕೆ ಹೋಗುತ್ತಿದ್ದೆ, ಬರದಿದ್ದರೆ ಕಟ್ಟೆಯ ಮೇಲೆ ಕೂತಿರುತ್ತಿದ್ದೆ.

ಅವರಿಗೆ ನವಲಗುಂದದಲ್ಲಿ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜ್ ಇತ್ತು. ಯಾರೋ ಬೇಡವೆಂದು ಬಿಟ್ಟ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದು, ಮೂರು ವರ್ಷ ಅದರೊಳಗೇ ತಲೆ ತೂರಿಸಿ ಕೂತು ಓಡುವಂತೆ ಮಾಡಿದ್ದರು. ನಮ್ಮ ಎರೆಮಣ್ಣಿನ ದಾರಿಗೆ ಅದು ತೀರಾ ತಗ್ಗು. ಮಳೆಗಾಲದಲ್ಲಿ ಹೂತುಕೊಂಡರೆ ಎತ್ತು ಹೂಡಿ ಎಳೆಸಬೇಕು. "ಶ್ಯಾಣ್ಯಾರು ತರೂ ಗಾಡಿ ಏನ್ರಿ ಇದು?" ಎಂದು ನಾನು ಬೈದದ್ದೇ ಬೈದದ್ದು. ಆದರೂ ಊರಾಚೆಯ ಹಳ್ಳ ದಾಟುವಾಗಲೇ ಅದರ ಸದ್ದು ಕೇಳುತ್ತಿತ್ತು, ಕೇಳಿದ ಕೂಡಲೇ ನಾನು ರೊಟ್ಟಿ ಬಡಿಯಲು ಕೂರುತ್ತಿದ್ದೆ.

ಅವರು ಹೋದಾಗಿನಿಂದ ಕಾರು ಮನೆ ಪಕ್ಕದ ಶೆಡ್ಡಿನಲ್ಲಿ ನಿಂತೇ ಇತ್ತು. ಆ ಸದ್ದು ಒಮ್ಮೆ ಕಿವಿಗೆ ಬಿದ್ದರೆ ನನ್ನೊಳಗೆ ಏನಾದರೂ ಮಿಸುಕೀತು ಎನ್ನಿಸಿತು. ಈ ಸಲ ಹತ್ತಿ ಮುಗಿದ ಮೇಲೆ, ಅವರ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ ಮಿಸ್ತ್ರಿಗೆ ಹೇಳಿಕಳಿಸಿದೆ.

ಮಿಸ್ತ್ರಿ ಬಂದವರು ಚಾವಿ ಮುಟ್ಟಲೇ ಇಲ್ಲ. ಕೆಟ್ಟು ನಾರುತ್ತಿದ್ದ ಹಳೆಯ ಪೆಟ್ರೋಲ್ ತೆಗೆದರು, ಟಾಕಿ ತೊಳೆದರು, ಆಯಿಲ್ ಬದಲಿಸಿದರು. ಆಮೇಲೆ ನಟ್ಟಿಗೆ ಪಾನಾ ಹಾಕಿ ಇಂಜಿನ್ನನ್ನು ಕೈಯಿಂದಲೇ ತಿರುವಿ ನೋಡಿದರು. ಅದು ಅಲುಗಲಿಲ್ಲ. ಪ್ಲಗ್ ಬಿಚ್ಚಿ ಟಾರ್ಚ್ ಹಿಡಿದು ಇಣುಕಿದರು.

"ವೈನಿ, ಒಂದು ಪಿಸ್ಟನ್ ತುಕ್ಕು ಹಿಡದು ಕಚ್ಕೊಂಡೈತ್ರಿ. ಶೆಡ್ ಏನ್ ಸೋರೂದಿಲ್ಲ. ಒಳಗ ನೀರ್ ಹೆಂಗ ಹೋತು?"

ಹೇಗೆ ಹೋಯಿತೆಂದು ನನಗೆ ಗೊತ್ತಿತ್ತು. ಮಹಾನವಮಿಯ ಖಂಡೇ ಪೂಜೆಗೆ ನಮ್ಮಲ್ಲಿ ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಕಬ್ಬಿಣದ್ದಕ್ಕೆಲ್ಲ ಪೂಜೆಯಾಗಬೇಕು. ಕಡೆಯ ಸಲ ಸ್ವಚ್ಛ ಮಾಡಲೆಂದು ಬಿಚ್ಚಿದ ಏರ್ ಫಿಲ್ಟರನ್ನು ನಮ್ಮ ಮನೆಯವರು ಮತ್ತೆ ಹಾಕಿರಲಿಲ್ಲ. ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಮೇಲ್ಮುಖವಾಗಿ ತೆರೆದೇ ಇತ್ತು. ಅವರು ಹೋದ ಮೇಲೆ ಪ್ರತಿ ವರ್ಷ ನಾನು ಬಾನೆಟ್ ಎತ್ತಿ, ಕುಂಕುಮ ಹಚ್ಚಿ, ಕಾಯಿ ಒಡೆದು, ನೀರನ್ನು ನೆಲಕ್ಕೆ ಚೆಲ್ಲಬಾರದೆಂದು ಆ ಬಾಯಿಗೇ ಹೊಯ್ದಿದ್ದೆ. ಅವರಿಗೇ ಕುಡಿಸಿದ ಹಾಗೆ.

"ನಾನ ಹಾಕೀನ್ರಿ," ಎಂದೆ. "ವರ್ಷಾ ಪೂಜಿ ಮಾಡಿ, ಕಾಯಿ ನೀರು."

"ಟ್ರ್ಯಾಕ್ಟರ್ ಗಾಲಿ ಮ್ಯಾಲೆ ಹಾಕ್ತಾರ್ರಿ. ಬಾಯಾಗ ಯಾರರ ಹಾಕ್ತಾರೇನು?" ನಗಲು ಹೋದ ಮಿಸ್ತ್ರಿ ನನ್ನ ಮುಖ ನೋಡಿ ಮತ್ತೆ ಇಂಜಿನ್ನಿನತ್ತ ಬಗ್ಗಿದರು. ನಮ್ಮ ಮನೆಯವರು ಕಟ್ಟಿದ ಇಂಜಿನ್ನನ್ನು ನಾನೇ ನನ್ನ ಕೈಯಾರೆ ಕೆಡಿಸಿದ್ದೆ. ಅದಕ್ಕೂ ಅಳು ಬರಲಿಲ್ಲ.

ಮಿಸ್ತ್ರಿ ಒಳಗೆ ಆಯಿಲ್ ಬಿಟ್ಟು ನೆನೆಯಲು ಇಟ್ಟರು. ಅವಸರ ಮಾಡಿದರೆ ಮುರಿಯುತ್ತದೆ ಎಂದರು. ದಿನಾ ಬೆಳಿಗ್ಗೆ ಬಂದು ಒಮ್ಮೆ ಪಾನಾ ಹಾಕಿ ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ಒಂಬತ್ತನೆಯ ದಿನ ಅದು ಒಂದು ಬೆರಳಿನಷ್ಟು ಜರುಗಿತು. ಮರುದಿನ ಪೂರ್ತಿ ಸುತ್ತು ತಿರುಗಿತು.

ಹೊಸ ಬ್ಯಾಟರಿ ಕೂರಿಸಿ, ಒಂದು ಲೀಟರ್ ಪೆಟ್ರೋಲ್ ಹಾಕಿ, ಮಿಸ್ತ್ರಿ ಚಾವಿ ತಿರುಗಿಸಿದರು. ಇಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹತ್ತಿಕೊಂಡಿತು. ಶೆಡ್ ತುಂಬ ಬಿಳಿ ಹೊಗೆ. ಅದೇ ಸದ್ದು. ನಾನು ಕಾದೆ. ನನ್ನೊಳಗೆ ಏನೂ ಆಗಲಿಲ್ಲ. ಇಷ್ಟಕ್ಕಾಗಿ ಇಷ್ಟು ದಿನ ಕಾದೆನೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಿಸ್ತ್ರಿ ಚಾವಿಯ ಮೇಲೆ ಕೈಯಿಟ್ಟು ಕೇಳಿದರು, "ಬಂದ್ ಮಾಡ್ಲ್ಯಾ, ವೈನಿ?"

ಆರು ವರ್ಷದ ಹಿಂದೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಅವರ ಉಸಿರಾಟದ ಯಂತ್ರದ ಪಕ್ಕದಲ್ಲಿ ನಿಂತು ಡಾಕ್ಟರು ಇದನ್ನೇ ಕೇಳಿದ್ದರು. ಅಂದು ನಾನು ಹೂಂ ಎಂದಿದ್ದೆ.

"ಬ್ಯಾಡ್ರಿ," ಎಂದೆ. "ಬಂದ್ ಮಾಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಮಿಸ್ತ್ರಿ ಕೈ ತೆಗೆದರು. ನಡುಗುತ್ತಿದ್ದ ಆ ಬಾನೆಟ್ಟನ್ನು ತಬ್ಬಿಕೊಂಡು ಪೆಟ್ರೋಲ್ ಮುಗಿಯುವ ತನಕ ಅತ್ತೆ.