ಕಂಬಳಿಯ ಮೇಲೆ ಕುಳಿತ ಸಾಹೇಬರು

ಹುಣಸೆ ಬೀಜವನ್ನು ಒಣ ಹಂಚಿನ ಮೇಲೆ ಹುರಿಯುವಾಗ ಮೊದಲು ಸಿಪ್ಪೆ ಬಿರಿದು ಟಪ್ಪೆನ್ನುತ್ತದೆ. ವಾಸನೆ ಬರುವುದು ಆಮೇಲೆ. ಮೊನ್ನೆ ಶುಕ್ರವಾರ ಸಂಜೆ ಪಕ್ಕದ ಮನೆಯಿಂದ ಸದ್ದೂ ವಾಸನೆಯೂ ಒಂದರ ಹಿಂದೊಂದು ಬಂದಾಗ ನಾನು ಪಾಠ ಮುಗಿಸಿ ಬಂದು ಪತ್ರಿಕೆ ಹಿಡಿದು ಕುಳಿತಿದ್ದೆ. ರಾಯಚೂರಿನಲ್ಲಿ ನಾನು ಬಾಡಿಗೆಗಿರುವ ಕೋಣೆಗೆ ಅಕ್ಕಿ ಗಿರಣಿಯ ಹೊಟ್ಟಿನ ವಾಸನೆ ಖಾಯಂ ಅತಿಥಿ. ಅದನ್ನು ಸರಿಸಿ ಇನ್ನೊಂದು ವಾಸನೆ ಒಳಗೆ ಬರಬೇಕಾದರೆ ಅದಕ್ಕೆ ಏನೋ ಹಳೆಯ ಸಲುಗೆ ಇರಬೇಕು.

ಇತ್ತು. ನಮ್ಮ ಅತ್ತೆ ಮಾಳಮ್ಮನ ಅಂಗಳದಲ್ಲಿ ಹುಣಸೆ ಬೀಜ ಹುರಿಯುತ್ತಿದ್ದದ್ದು ತಿನ್ನುವುದಕ್ಕಲ್ಲ. ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸಿ ಮಾಡಿದ ಗಂಜಿಯನ್ನು ಹೊಸ ಕಂಬಳಿಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುತ್ತಿತ್ತು. ಅಂಗಡಿಯ ರಗ್ಗುಗಳನ್ನಷ್ಟೇ ಬಲ್ಲವರಿಗೆ ಹೇಳುತ್ತೇನೆ: ಹೊಸ ಕಂಬಳಿ ಮೊದಲ ವರ್ಷ ಹೊದೆಯುವವರ ಮಾತನ್ನು ಕೇಳುವುದಿಲ್ಲ. ಹೊದೆಯುವವರೇ ಅದರ ಮಾತು ಕೇಳಬೇಕು.

ನಾವು ಕುರಿಯವರು. ನನ್ನ ಅಪ್ಪ ಕುರಿ ಬಿಟ್ಟು ರೈಲು ಹಳಿಯ ಕೆಲಸಕ್ಕೆ ಸೇರಿದ್ದರಿಂದ ನಾನು ಓದಿದೆ. ಅವನ ಅಕ್ಕ ಮಾಳಮ್ಮ ಕುರಿ ಬಿಡದೆ ಉಳಿದಳು. ಗಂಡ ಸತ್ತ ಮೇಲೂ ಹಿಂಡನ್ನು ಒಬ್ಬಳೇ ನಡೆಸಿದಳು. ದೇವದುರ್ಗದ ಕಡೆ ಜೋಳದ ಸುಗ್ಗಿ ಮುಗಿದ ಮೇಲೆ ರೈತರು ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ ತರುಬಿಸಿಕೊಳ್ಳುತ್ತಾರೆ. ಅಲ್ಲಿಂದ ಬಿಸಿಲು ಬಲಿಯುವ ಹೊತ್ತಿಗೆ ಅವಳ ಹಿಂಡು ರಾಯಚೂರಿನ ಹೊರಗಿನ ಒಂದು ಬಯಲಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಹುಲ್ಲಿತ್ತು. ಬಯಲಿನ ತಗ್ಗಿನಲ್ಲಿ ಮಳೆಯ ನೀರು ಯುಗಾದಿ ದಾಟುವವರೆಗೂ ನಿಂತಿರುತ್ತಿತ್ತು. ಪಕ್ಕದಲ್ಲೇ ನಿಜಾಮರ ಕಾಲದ್ದೆಂದು ಜನ ಹೇಳುತ್ತಿದ್ದ ವಿಮಾನ ಮೈದಾನ. ವಿಮಾನಕ್ಕೂ ಕುರಿಗೂ ಜಗಳವಿರಲಿಲ್ಲ, ಏಕೆಂದರೆ ವಿಮಾನ ಬರುತ್ತಿರಲಿಲ್ಲ.

ಶುಕ್ರವಾರದ ಪತ್ರಿಕೆಯಲ್ಲಿದ್ದದ್ದು ಅದೇ ಮೈದಾನದ ಸುದ್ದಿ. ಅದನ್ನು ಮತ್ತೊಮ್ಮೆ ವಿಸ್ತರಿಸುತ್ತಾರಂತೆ. ‘ಪರಿಸರದ ಮೇಲಾಗುವ ಪರಿಣಾಮ’ವನ್ನು ಪರಿಶೀಲಿಸುತ್ತಾರಂತೆ. ತಕರಾರು ಇದ್ದವರು ಸೋಮವಾರ ಖುದ್ದಾಗಿ ಕಚೇರಿಗೆ ಬಂದು ಹೇಳಬಹುದಂತೆ. ಆ ‘ಮತ್ತೊಮ್ಮೆ’ ಎಂಬ ಪದದ ಮೇಲೆ ನನ್ನ ಕಣ್ಣು ನಿಂತಿದ್ದಾಗಲೇ ಪಕ್ಕದ ಮನೆಯ ಬೀಜ ಸಿಡಿದದ್ದು.

ಮೊದಲ ಸಲ ವಿಸ್ತರಿಸಿದ್ದು ಹದಿನೈದು ವರ್ಷಗಳ ಹಿಂದೆ, ಎಪ್ಪತ್ತರ ದಶಕದ ಕೊನೆಯಲ್ಲಿ. ಆಗಿನ್ನೂ ಪರಿಸರ ಎಂಬ ಪದ ಸರ್ಕಾರಿ ಕಾಗದಕ್ಕೆ ಹತ್ತಿರಲಿಲ್ಲ. ಪರಿಶೀಲನೆ ಮಾತ್ರ ಇತ್ತು. ಜೀಪಿನಲ್ಲಿ ಬಂದವರು ಮರ ಎಣಿಸಿದರು, ಬಾವಿ ಎಣಿಸಿದರು, ಮನೆ ಎಣಿಸಿದರು. ಮೂರೂ ಇಲ್ಲದ ಕಡೆ ‘ಖಾಲಿ’ ಎಂದು ಬರೆದುಕೊಂಡು ಹೋದರು. ಅವರು ಬಂದದ್ದು ಸುಗ್ಗಿ ಮುಗಿದ ಹೊತ್ತಿನಲ್ಲಿ; ಕುರಿಗಳು ದೇವದುರ್ಗದ ಕಡೆ ಇದ್ದವು.

ನಾನು ಆಗ ತಾನೆ ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದಿದ್ದೆ. ಹೊಸದಾಗಿ ಓದಿ ಬಂದವರ ಮೈಯಲ್ಲಿ ಒಂದು ಬಗೆಯ ಗಂಜಿ ಇರುತ್ತದೆ. ತಕರಾರು ವಿಚಾರಿಸಲು ಸಾಹೇಬರೊಬ್ಬರು ಬರುತ್ತಾರೆಂದು ಗೊತ್ತಾಗಿ, ಅತ್ತೆಯ ಪರವಾಗಿ ಅದನ್ನು ಬರೆಯುವ ಕೆಲಸ ನನಗೆ ಬಂತು. ‘ಅನಾದಿಕಾಲದಿಂದ’, ‘ಜೀವನೋಪಾಯದ ಏಕೈಕ ಆಧಾರ’, ‘ಅವಿನಾಭಾವ ಸಂಬಂಧ’ ಎಲ್ಲ ಸೇರಿಸಿ ಬರೆದು ಅವಳಿಗೆ ಓದಿ ತೋರಿಸಿದೆ. ಗಲ್ಲಕ್ಕೆ ಕೈ ಹಚ್ಚಿಕೊಂಡು ಪೂರಾ ಕೇಳಿದಳು.

“ಇದು ನನ್ನ ತಕರಾರೇನ ಯವ್ವಾ? ಮಂಗಳಾರತಿ ಪದ ಇದ್ದಂಗ ಅದ. ಇದರಾಗ ಕುರಿ ಎಲ್ಲಿ ಅದಾವ?”

ಕುರಿ ಇರಲಿಲ್ಲ. ‘ಜಾನುವಾರು’ ಇತ್ತು.

ಅಂದು ಅಂಗಳದಲ್ಲಿ ಹುಸೇನಸಾಬನೂ ಇದ್ದ. ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವವನು. ಮನೆಯಲ್ಲಿ ದಖ್ಖನಿ, ಸಂತೆಯಲ್ಲಿ ಕನ್ನಡ, ತೆಲುಗಿನವರು ಬಂದರೆ ತೆಲುಗು. ಮೂರರಲ್ಲೂ ಸುಳ್ಳು ಸಲೀಸು ಎಂದು ಅತ್ತೆ ಛೇಡಿಸುತ್ತಿದ್ದಳು.

“ಮಾಳಮ್ಮಾ, ನನ್ನ ಮಾತು ಕೇಳು,” ಎಂದ. “ಜಾಗ ನಂದ ಅಂದುಬಿಡು. ನಿಜಾಮನ ಕಾಲದಾಗ ನಮ್ಮಪ್ಪಗ ಕೊಟ್ಟಾರ ಅನ್ನು.”

“ಕಾಗದ ಕೇಳಿದ್ರ?”

“ಮನಿ ಸೋರಿ ತೋಯ್ದು ಹೋದ್ವು ಅನ್ನು. ಇದ್ರೂ ಉರ್ದುದಾಗ ಇರ್ತಿದ್ವು. ಆ ಸಾಹೇಬಗ ಉರ್ದು ಬರ್ತದೇನು? ಓದಾಕ ನನ್ನ ಕರೀಬೇಕು. ನಾ ಚಂದಾಗಿ ಓದ್ತೀನಿ!”

“ಥೂ ನಿನ! ಸುಳ್ಳು ಹೇಳಿ ಹೇಳೇ ಗಡ್ಡ ಬೆಳ್ಳಗಾಗ್ಯದ ನಿಂದು.”

“ಖರೇ ಹೇಳಿ ಹೇಳಿ ನಿನ್ನ ಕೂದ್ಲ ಕರ್ರಗ ಉಳದಾವೇನು? ತಕರಾರು ಬಿದ್ರ ತನಿಖಿ ಮಾಡ್ತಾರ. ತನಿಖಿ ಅಂದ್ರ ವರ್ಷಗಟ್ಲೆ. ಅಷ್ಟು ದಿವಸ ನಿನ್ನ ಕುರಿ ನೀರು ಕುಡೀತಾವ.”

ಅತ್ತೆ ನಗುವುದನ್ನು ನಿಲ್ಲಿಸಿ “ನೋಡೂನು” ಎಂದಳು. ಅವಳಿಗೆ ಆಸೆಯಾಗಿತ್ತು. ಆ ನೀರು ಹೋದರೆ ಹಿಂಡು ಹೋಗುತ್ತದೆ ಎಂಬುದು ಅವಳಿಗೆ ಯಾರೂ ಹೇಳಬೇಕಾದ ಮಾತಾಗಿರಲಿಲ್ಲ.

ಆದರೆ ಅವಳ ತಲೆಯಲ್ಲಿ ಇನ್ನೊಂದು ಉಪಾಯವೂ ಇತ್ತು. ನಮ್ಮಲ್ಲಿ ಪಂಚಾಯಿತಿ ಎಂದರೆ ಕಂಬಳಿ ಹಾಸುವುದು. ದೇವರ ಗದ್ದುಗೆಗೂ ಕಂಬಳಿ, ನ್ಯಾಯಕ್ಕೂ ಕಂಬಳಿ. ಹಾಸಿದ ಕಂಬಳಿಯ ಮೇಲೆ ಕುಳಿತ ಹಿರಿಯ ಎರಡೂ ಕಡೆಯ ಮಾತು ಮುಗಿಯುವವರೆಗೆ ಏಳುವಂತಿಲ್ಲ, ತೀರ್ಪು ಹೇಳದೆ ಏಳುವಂತಿಲ್ಲ, ಸುಳ್ಳು ಹೇಳುವಂತಿಲ್ಲ. ಅತ್ತೆ ಆ ವರ್ಷ ದೇವರಿಗೆಂದು ನೇಯಿಸಿದ್ದ ಕಪ್ಪು ಕಂಬಳಿಯನ್ನು ಬಗಲಲ್ಲಿ ಇಟ್ಟುಕೊಂಡು ವಿಚಾರಣೆಗೆ ಬಂದಳು.

“ಸಾಹೇಬನ್ನ ಇದರ ಮ್ಯಾಲ ಕುಂಡ್ರಸೂನು. ಆಮ್ಯಾಲ ಹೆಂಗ ತಪ್ಪಿಸಿಕೊಂತಾನ ನೋಡೂನು,” ಎಂದಳು.

ವಿಚಾರಣೆ ನಡೆದದ್ದು ಬಯಲಿನ ಅಂಚಿನ ಬೇವಿನ ಮರದ ಕೆಳಗೆ. ಸಾಹೇಬರು ಬೆಂಗಳೂರು ಕಡೆಯವರು, ಸಭ್ಯರು. ಅತ್ತೆ ಕಂಬಳಿಯನ್ನು ಮಣ್ಣಿನ ಮೇಲೆ ಹಾಸಿ, ನಾಲ್ಕೂ ಮೂಲೆ ಎಳೆದು, ಕೈ ಮುಗಿದು ನಿಂತಳು. ಅವರಿಗೆ ಬಹಳ ಸಂತೋಷವಾಯಿತು. “ಅಯ್ಯೋ, ಇದೆಲ್ಲ ಯಾಕಮ್ಮ?” ಎಂದು ನಕ್ಕು ಜವಾನನ ಕಡೆ ನೋಡಿದರು. ಅವನು ಕಂಬಳಿಯನ್ನು ಎತ್ತಿ ಕೊಡವಿ, ಶಾಲೆಯಿಂದ ತಂದ ಕುರ್ಚಿಯ ಮೇಲೆ ಹೊದಿಸಿದ. ಸಾಹೇಬರು ಅದರ ಮೇಲೆ ಕುಳಿತರು.

“ಬೂಟು ಬಿಚ್ಚಿಲ್ಲ ನೋಡವಾ,” ಎಂದು ಹುಸೇನಸಾಬ ನನ್ನ ಹಿಂದೆ ಪಿಸುಗುಟ್ಟಿದ.

“ಬಿಡು, ಕಂಬಳಿ ಎಲ್ಲಿದ್ರೂ ಕಂಬಳೀನ,” ಎಂದಳು ಅತ್ತೆ.

ನಾನು ತಕರಾರು ಓದಿದೆ. ಮುಗಿದಾಗ ಸಾಹೇಬರು ಮೆಚ್ಚಿ ತಲೆದೂಗಿದರು. “ಕುರುಬರ ಹುಡುಗಿ ಇಷ್ಟು ಶುದ್ಧ ಕನ್ನಡ ಓದೋದು ನೋಡಿ ಹೆಮ್ಮೆ ಆಗುತ್ತಮ್ಮ,” ಎಂದರು. ನನ್ನ ಓದಿನ ಬಗ್ಗೆ ಹಲವು ಪ್ರಶ್ನೆ ಕೇಳಿದರು. ತಕರಾರಿನ ಬಗ್ಗೆ ಒಂದನ್ನೂ ಕೇಳಲಿಲ್ಲ. ಆಮೇಲೆ ಅತ್ತೆಯ ಕಡೆ ತಿರುಗಿದರು.

“ಜಾಗ ನಿಮ್ಮದೇನಮ್ಮ?”

ಹುಸೇನಸಾಬ ಕೆಮ್ಮಿದ. ಅತ್ತೆ ಬಾಯಿ ತೆರೆದಳು. ಅವಳ ಕಣ್ಣು ಕುರ್ಚಿಯಿಂದ ಇಳಿಬಿದ್ದಿದ್ದ ಕಂಬಳಿಯ ಅಂಚಿನ ಮೇಲೆ ಇತ್ತು. ಹಾಸಿದ ಕಂಬಳಿ ಅದರ ಮೇಲೆ ಕುಳಿತವನನ್ನು ಮಾತ್ರವಲ್ಲ, ಅದರ ಮುಂದೆ ನಿಂತವರನ್ನೂ ಕಟ್ಟುತ್ತದೆ. ಅದು ಸಾಹೇಬರಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

“ನಮ್ದಲ್ಲ ಯಪ್ಪಾ,” ಎಂದಳು. “ಯಾರ್ದೂ ಅಲ್ಲ. ಯಾರ್ದೂ ಅಲ್ಲ ಅಂತನ ನಮಗ ಬೇಕಾಗ್ಯದ. ಯಾರ್ದರೆ ಇದ್ದಿದ್ರ ನಮ್ಮ ಕುರೀನ್ನ ಬಿಡ್ತಿದ್ರೇನು?”

“ಮೇಯಿಸೋಕೆ ಬೇರೆ ಕಡೆ ಜಾಗ ಇಲ್ವಾ?”

“ಅದ. ಗುಡ್ಡದ ಕಡಿ ಅದ. ಅಲ್ಲಿ ನೀರಿಲ್ರಿ.”

ಸಾಹೇಬರ ಪಕ್ಕದಲ್ಲಿದ್ದ ಗುಮಾಸ್ತರ ಪೆನ್ನು ‘ಇದೆ’ ಎಂದು ಬರೆದು ನಿಂತಿತು. ನೀರಿಲ್ಲದ್ದು ಕಾಗದಕ್ಕೆ ಬರಲಿಲ್ಲ. ನಾನು ಮುಂದೆ ಹೋಗಿ ಅದನ್ನೂ ಬರೆಯಿರಿ ಎಂದೆ. “ಆಯ್ತಮ್ಮ, ಎಲ್ಲ ಪರಿಶೀಲಿಸ್ತೀವಿ,” ಎಂದು ಸಾಹೇಬರು ಎದ್ದರು. ಜವಾನ ಕಂಬಳಿಯನ್ನು ನೀಟಾಗಿ ಮಡಿಸಿ ಜೀಪಿನ ಹಿಂದಿನ ಸೀಟಿನಲ್ಲಿಟ್ಟ. ಅತ್ತೆ ಎರಡು ಹೆಜ್ಜೆ ಮುಂದೆ ಹೋದಳು.

“ಸಾಹೇಬರಿಗೆ ಭಾಳ ಖುಷಿ ಆಗ್ಯದ ಯವ್ವಾ, ನಿಮ್ಮ ಕಂಬಳಿ ಕಂಡು,” ಎಂದು ಜವಾನ ಬಾಗಿಲು ಹಾಕಿಕೊಂಡ.

ಧೂಳು ಇಳಿಯುವವರೆಗೂ ಅವಳು ಅಲ್ಲೇ ನಿಂತಿದ್ದಳು.

“ಏನಂದ ಅಂವ? ತೀರ್ಪು ಹೇಳದ ಎದ್ದನಲ್ಲ.”

“ಪರಿಶೀಲಿಸ್ತಾರಂತ, ಅತ್ತಿ.”

“ಅಂದ್ರೇನು?”

“ನೋಡ್ತಾರಂತ.”

“ಇಲ್ಲೇ ಕಣ್ಣ ಮುಂದ ಇತ್ತಲ್ಲ. ನೋಡಬೇಕಿತ್ತು.”

ಆ ವಾರದ ಸ್ಥಳೀಯ ಪತ್ರಿಕೆಯೊಂದು ಗ್ರಾಮಸ್ಥರು ಕಂಬಳಿ ಅರ್ಪಿಸಿ ಯೋಜನೆಯನ್ನು ಸ್ವಾಗತಿಸಿದರೆಂದು ಬರೆಯಿತು. ಅದು ಪೂರ್ತಿ ಸುಳ್ಳೆಂದು ಹೇಳಲು ನನಗೆ ಇಂದಿಗೂ ಆಗುವುದಿಲ್ಲ. ಕಂಬಳಿ ಅರ್ಪಿಸಿದ್ದು ನಿಜ, ಗ್ರಾಮಸ್ಥರೂ ನಿಜ. ಎರಡು ನಿಜಗಳ ನಡುವೆ ಒಂದು ಸುಳ್ಳನ್ನು ಕೂರಿಸಿದರೆ ಅದು ಎಷ್ಟು ಗಟ್ಟಿಯಾಗಿ ಕೂರುತ್ತದೆಂಬುದನ್ನು ನಾನು ಕಲಿತದ್ದು ಆಗ. ವಿಶ್ವವಿದ್ಯಾಲಯದಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ.

ಬೇಲಿ ಬಂತು. ಬಯಲಿನ ಇನ್ನೊಂದು ಅಂಚನ್ನು ಎರಡು ವರ್ಷದಿಂದ ಉಳುತ್ತಿದ್ದ ಒಬ್ಬ ರೈತ ಅದು ಅಜ್ಜನ ಕಾಲದ ಹೊಲವೆಂದು ಹೇಳಿ ಪರಿಹಾರ ತೆಗೆದುಕೊಂಡ. ಅವನ ಮುಂದೆ ಯಾರೂ ಕಂಬಳಿ ಹಾಸಿರಲಿಲ್ಲ. ಉದ್ದವಾದ ಮೈದಾನದಲ್ಲಿ ಒಮ್ಮೆ ಒಬ್ಬ ಮಂತ್ರಿಗಳು ಬಂದಿಳಿದರು. ಮರಳುವಾಗ ರೈಲಿನಲ್ಲಿ ಹೋದರು. ತಗ್ಗನ್ನು ಮುಚ್ಚಿದ್ದರು. ಆದರೂ ಹಳೆಯ ರೂಢಿಗೆ ಬೇಲಿ ನುಸುಳಿದ ಕುರಿಗಳನ್ನು ಕಾವಲುಗಾರ ಹಿಡಿದು ಸರ್ಕಾರಿ ದೊಡ್ಡಿಗೆ ಹಾಕುತ್ತಿದ್ದ. ಅತ್ತೆ ದಂಡ ಕಟ್ಟಿ ಬಿಡಿಸಿಕೊಂಡು ಬರುತ್ತಿದ್ದಳು. ಕೊನೆಗೊಂದು ಬೇಸಿಗೆ ನೀರಿಲ್ಲದ ಗುಡ್ಡದಲ್ಲಿ ಮರಿಗಳು ಸಾಯತೊಡಗಿದಾಗ ಹಿಂಡನ್ನು ಹುಸೇನಸಾಬನಿಗೇ ಮಾರಿದಳು. ಅವನು ಕಣ್ಣು ಒರೆಸಿಕೊಂಡ. ದರ ಮಾತ್ರ ಏರಿಸಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅವನೊಬ್ಬನೇ ಅವಳಿಗೆ ಉಪಯೋಗಕ್ಕೆ ಬರುವ ಮಾತು ಹೇಳಿದ್ದವನು.

ಅತ್ತೆ ಈಗ ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿದ್ದಾಳೆ, ಮಗಳ ಮನೆಯಲ್ಲಿ. ಹೆಂಗಸರ ಗುಂಪಿನೊಡನೆ ಕಾಲುವೆ ನೀರಿನ ಗದ್ದೆಗಳಿಗೆ ಭತ್ತದ ನಾಟಿಗೆ ಹೋಗುತ್ತಾಳೆ. ಜೀವಮಾನವೆಲ್ಲ ನೀರು ಹುಡುಕಿ ನಡೆದವಳು ಈಗ ದಿನವಿಡೀ ನೀರಿನಲ್ಲೇ ಬಗ್ಗಿ ನಿಲ್ಲುತ್ತಾಳೆ. ಪತ್ರಿಕೆ ಓದಿದ ಮರುದಿನವೆಲ್ಲ ಸುಮ್ಮನಿದ್ದು, ಭಾನುವಾರ ಬಸ್ಸು ಹಿಡಿದು ಅಲ್ಲಿಗೆ ಹೋದೆ. ಅವಳು ಬಾಗಿಲಲ್ಲಿ ಕುಳಿತು ಕಾಲ್ಬೆರಳ ಸಂದಿಯ ಕೆಸರುಹುಣ್ಣಿಗೆ ಎಣ್ಣೆ ಅರಿಸಿನ ಹಚ್ಚುತ್ತಿದ್ದಳು.

ವಿಷಯ ಹೇಳಿದೆ. ಈ ಸಲ ಬೇಲಿಯಾಚೆ ಉಳಿದಿದ್ದ ಪಟ್ಟಿಯೂ ಹೋಗುತ್ತದೆ, ದೂರದ ಹೊಳೆಯ ಕಡೆ ಕುರಿ ಇಳಿಸುವ ದಾರಿಯೂ ಸೇರಿ ಎಂದೆ.

“ನಿನ್ನವು ಈಗ ಇಲ್ಲಲ್ಲ ಅತ್ತಿ. ಅಂದ್ರೂ ಹೇಳಬೇಕು ಅನಿಸ್ತು.”

“ನನ್ನವಿಲ್ಲಂದ್ರ? ಇದ್ದೋರು ಇನ್ನೂ ಅದಾರ.” ಎಣ್ಣೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ತಕರಾರು ಕೇಳ್ತಾರಂತೇನು?”

“ನಾಳಿ ಕೇಳ್ತಾರ. ನೀ ಬರ್ತೀ?”

“ನಾ ಒಲ್ಲೆ. ನನಗ ಸುಳ್ಳು ಬರಾಂಗಿಲ್ಲ, ಅಲ್ಲಿ ಖರೇ ನಡ್ಯಾಂಗಿಲ್ಲ.” ಮತ್ತೆ ಅರಿಸಿನಕ್ಕೆ ಬೆರಳು ಅದ್ದಿ, ನನ್ನ ಮುಖ ನೋಡದೆ ಹೇಳಿದಳು: “ನೀ ಹೋಗು. ನೀ ಓದಿದಾಕಿ. ಚಂದಾಗಿ ಸುಳ್ಳು ಹೇಳಿ ಬಾ.”

ಎಂದೂ ನನ್ನಿಂದ ಏನನ್ನೂ ಕೇಳದವಳು ಕೇಳಿದ್ದು ಇದು. ಅವಳ ದನಿಯಲ್ಲಿ ಕಹಿ ಇರಲಿಲ್ಲ. ಅಂಗಡಿಯಿಂದ ಉಪ್ಪು ತಂದುಕೊಡು ಎಂದಂತೆ ಇತ್ತು. ಕಹಿಯೆಲ್ಲ ನನ್ನ ಪಾಲಿಗೆ ಬಂತು.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿ ಕಚೇರಿಗೆ ಹೋದೆ. ಮೇಜಿನ ಹಿಂದಿದ್ದ ಗುಮಾಸ್ತರು ತಲೆ ಎತ್ತದೆ, ಆ ಜಾಗದಲ್ಲಿ ನಿಮ್ಮ ಹಕ್ಕೇನು ಎಂದು ಕೇಳಿದರು. ನಮ್ಮ ಅಜ್ಜನದು, ನಿಜಾಮರು ಕೊಟ್ಟದ್ದು ಎಂದೆ. ಕಾಗದ ಕೇಳಿದರು. ಮನೆ ಸೋರಿ ತೋಯ್ದು ಹೋದವು ಎಂದು ಹೇಳಿ, ಅವರು ಅಷ್ಟನ್ನೂ ಬರೆದು ಮುಗಿಸುವವರೆಗೆ ಎದುರಿಗೇ ನಿಂತಿದ್ದೆ.