ಘಾಟಿ ದೊರೆ ನೋಡದ ಜಲಪಾತ

ಬಸ್ ಡಿಪೋದಲ್ಲಿ ಅವರಿಗೆ ‘ಘಾಟಿ ದೊರೆ’ ಎಂಬ ಹೆಸರಿತ್ತು. ಇಟ್ಟವರು ಯಾರೆಂದು ಕೇಳಿದರೆ ಮೀಸೆ ನೇವರಿಸಿಕೊಳ್ಳುತ್ತಿದ್ದರು. ತಾವೇ ಇಟ್ಟುಕೊಂಡಿರಬೇಕೆಂಬ ಗುಮಾನಿ ಮೆಕ್ಯಾನಿಕ್‌ಗಳಿಗಿತ್ತು. ಆದರೂ ಬೆಟ್ಟದ ದಾರಿಯಲ್ಲಿ ಅರ್ಧ ಆಯುಷ್ಯ ಬಸ್ ಓಡಿಸಿ, ಒಬ್ಬ ಪ್ರಯಾಣಿಕನ ಮೂಗೂ ತರಚದಂತೆ ನಿವೃತ್ತರಾದದ್ದು ಸುಳ್ಳಲ್ಲ. ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಏಳನೆಯ ತಿರುವಿನಲ್ಲಿ ಅವರು ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಬಸ್ಸಿಗೆ ಬಸ್ಸೇ ‘ಆಹಾ’ ಎನ್ನುತ್ತಿತ್ತು.

“ಕೈಚಳಕ ಅಂದ್ರೆ ಅದು. ಜನಕ್ಕೆ ಗೊತ್ತಾಗುತ್ತೆ,” ಎಂದು ಮನೆಯಲ್ಲಿ ಹೇಳುವರು. ಹೆಂಡತಿ ಸೊಪ್ಪು ಬಿಡಿಸುತ್ತ ಹೂಂಗುಡುವರು. ಆಕೆ ಆ ದಾರಿಯನ್ನು ಕಂಡವರೇ ಅಲ್ಲ. ರಜೆ ಸಿಕ್ಕರೆ ದೊರೆಗೆ ಬೇಕಾಗುತ್ತಿದ್ದದ್ದು ನಿದ್ದೆ.

ಬೆಟ್ಟದಾಚೆ, ಕಡಲ ದಡದ ಊರಲ್ಲಿ ಈಚೆಗೆ ಮನೆ ಮಾಡಿದ್ದ ಮಗಳು, ನಾಲ್ಕು ದಿನ ಇದ್ದುಹೋಗಲು ವಿಮಾನದಲ್ಲಿ ಬನ್ನಿ ಎಂದು ಫೋನು ಮಾಡಿದಳು. ಎಂದೂ ವಿಮಾನ ಹತ್ತದ ತಾಯಿ ಆಗಲೇ ಕಿಟಕಿ ಪಕ್ಕದ ಸೀಟು ಕೇಳಿಯಾಗಿತ್ತು.

“ಮುಖ ತೋರಿಸದ ಡ್ರೈವರ್ ಹಿಂದೆ ನಾನು ಕೂರಲ್ಲಮ್ಮ,” ಎಂದರು ದೊರೆ. “ಬಾಗಿಲು ಹಾಕ್ಕೊಂಡು ಓಡಿಸ್ತಾನಂತೆ. ನಮ್ಮ ಡಿಪೋದಲ್ಲಾಗಿದ್ರೆ ಮೆಮೋ ಕೊಡ್ತಿದ್ರು.”

“ಅಮ್ಮನ ಆಸೆನೂ ಸ್ವಲ್ಪ ನೋಡಪ್ಪ.”

“ನಿಮ್ಮಮ್ಮಂಗೆ ಮೋಡ ಯಾಕೆ? ನನ್ನ ದಾರಿ ತೋರಿಸ್ತೀನಿ. ಕಾರಲ್ಲೇ ಬರ್ತೀವಿ.”

“ಆಗಲಿ,” ಎಂದರು ಹೆಂಡತಿ. “ನೋಡೋಂಥದ್ದು ಏನೂ ಇಲ್ಲದಿದ್ರೆ ವಾಪಸ್ ಬರೋದು ವಿಮಾನದಲ್ಲಿ. ನೀವೂ ಬರಬೇಕು.”

ದೊರೆ ಒಪ್ಪಿದರು. ಸೋಲುವ ಪ್ರಶ್ನೆಯೇ ಇರಲಿಲ್ಲವಲ್ಲ.

ಘಾಟಿ ಶುರುವಾಗುತ್ತಲೇ ವಿವರಣೆಯೂ ಶುರುವಾಯಿತು. “ಇಲ್ಲೇ ಒಂದು ಲಾರಿ ಹಿಂದಕ್ಕೆ ಜಾರಿ ಬಂದಿದ್ದು. ಇದು ಎರಡನೇ ಗೇರಿಗೆ ಬರೋ ಜಾಗ. ನೋಡ್ಕೊ.”

“ಗೇರು ಕಿಟಕಿಯಾಚೆ ಎಲ್ಲಿ ಕಾಣುತ್ತೆ ರೀ?”

ಏಳನೆಯ ತಿರುವು ಬಂತು. ದೊರೆ ಬೆನ್ನು ನೆಟ್ಟಗೆ ಮಾಡಿ, ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಕಾರು ತಿರುಗಿಸಿದರು. ಪಕ್ಕದಿಂದ ಮೆಲ್ಲಗೆ ‘ಆಹಾ’ ಬಂತು.

“ಏನಿಲ್ಲ, ಅಭ್ಯಾಸ ಅಷ್ಟೇ,” ಎಂದರು, ತಂದುಕೊಂಡ ವಿನಯದಿಂದ.

“ನಿಮಗಲ್ಲ ರೀ. ಜಲಪಾತಕ್ಕೆ.”

“ಯಾವ ಜಲಪಾತ?”

ಘಾಟಿಯ ನೆತ್ತಿಯ ಮೇಲೆ ಗಾಡಿ ನಿಲ್ಲಿಸಿ ದೊರೆ ಬಾನೆಟ್ಟಿಗೆ ಒರಗಿದರು. ಗಾಳಿ ಹೋದ ಟ್ಯೂಬಿನಂತಾಗಿತ್ತು ಮುಖ.

“ಅಷ್ಟೂ ಜನ ನೀರಿಗೆ ಅಂತಿದ್ರಾ?”

“ಇನ್ನೇನು, ನಿಮ್ಮ ಮೀಸೆಗಾ?” ಎಂದ ಆಕೆ, ಗಂಡನ ಮುಖ ನೋಡಿ ದನಿ ತಗ್ಗಿಸಿದರು. “ಎದುರು ಬರೋ ಗಾಡಿ ಬಿಟ್ಟು ನೀವೂ ಆ ಕಡೆ ನೋಡಿದ್ದಿದ್ರೆ ಅವರು ಆಹಾ ಅಂತಿರಲಿಲ್ಲ, ಅಯ್ಯೋ ಅಂತಿದ್ರು. ನೀವು ನೋಡಲಿಲ್ಲ, ಅದಕ್ಕೇ ಅವರು ನೋಡಿದ್ರು.”

ದೊರೆಯ ಬೆನ್ನು ಸ್ವಲ್ಪ ನೆಟ್ಟಗಾಯಿತು.

“ಕೀಲಿ ಕೊಡಿ. ಕೆಳಗಿಳಿದು ಇನ್ನೊಂದು ಸಲ ಹತ್ತೋಣ. ನೀವು ಎಡಗಡೆ ಕೂತ್ಕೊಳ್ಳಿ.”

ಆಕೆ ಕಾರು ಕಲಿತು ಬಹಳ ಕಾಲವಾಗಿತ್ತು. ಆದರೆ ಸಂತೆಬೀದಿ ದಾಟಿ ಓಡಿಸಲು ದೊರೆಯ ಅಪ್ಪಣೆಯಿರಲಿಲ್ಲ. ಘಾಟಿಯ ಮಾತಂತೂ ದೂರ. ಈಗ ಕೀಲಿ ಕೊಟ್ಟರು. ಇಳಿಯುವಾಗ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ದೊರೆಯ ಕಾಲು ಸೋತಿತು. ಮತ್ತೆ ಹತ್ತುವಾಗಲೂ ಅವರ ಕಣ್ಣು ಹೆಂಡತಿಯ ಕೈಮೇಲೇ. ಗೇರು ಬದಲಾದದ್ದು ಕಿವಿಗೇ ಬೀಳಲಿಲ್ಲ. ಕಾರು ಇಷ್ಟೂ ಅದುರದೆ ತಿರುವಿಗೆ ಬಂತು.

“ಹೊರಗೆ ನೋಡಿ ರೀ. ನಾನು ಎಲ್ಲೂ ಹೋಗಲ್ಲ.”

ದೊರೆ ನೋಡಿದರು. ಬಂಡೆಯ ಸಂದಿನಿಂದ ನೀರು ಬೆಳ್ಳಗೆ, ಆತುರವಿಲ್ಲದೆ ಬೀಳುತ್ತಿತ್ತು. ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು.

ಸಂಜೆ ಬಾಗಿಲು ತೆರೆದ ಮಗಳು, “ಇಷ್ಟು ದೂರ ಒಬ್ಬರೇ ಓಡಿಸಿ ಸುಸ್ತಾಯ್ತೇನಪ್ಪ?” ಎಂದಳು.

“ನಾನೆಲ್ಲಿ ಒಬ್ಬನೇ ಓಡಿಸಿದೆ? ಘಾಟಿ ಹತ್ತಿಸಿದ್ದು ನಿಮ್ಮಮ್ಮ,” ಎಂದರು ದೊರೆ, ಎದುರುಮನೆಗೂ ಕೇಳುವಷ್ಟು ಜೋರಾಗಿ. “ವಾಪಸ್ ಟಿಕೆಟ್ ಗಿಕೆಟ್ ಅಂತ ಏನೂ ಮಾಡಬೇಡ. ಹೋಗುವಾಗಲೂ ಅವಳೇ ಓಡಿಸ್ತಾಳೆ. ಕಿಟಕಿಯಾಚೆ ಏನೇನಿದೆಯೋ, ನಾನಿನ್ನೂ ನೋಡೇ ಇಲ್ಲ.”